‘ಮಾಂಕ್ ವಿತ್ ಎ ಕ್ಯಾಮೆರಾ’: ನೆಲ ಕಳೆದುಕೊಂಡ ಗುರು, ಮುಂಡಗೋಡದಲ್ಲಿ ಎದ್ದ ಮಠ

ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ದುಂಡಸಿ ಭಾಗದವರಿಗೆ ಕೆಂಪು ವಸ್ತ್ರದ ಟಿಬೆಟನ್ ಭಿಕ್ಷುಗಳು ಅಪರಿಚಿತರಲ್ಲ. ತಾಲ್ಲೂಕಿಗೆ ಹೊಂದಿಕೊಂಡಿರುವ ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡದಲ್ಲಿ 1966ರಿಂದ ಟಿಬೆಟನ್ ನಿರಾಶ್ರಿತರ ವಸಾಹತು ಇದೆ. ಇಲ್ಲಿನ ರಾತೋ ಮಠವನ್ನು ಕೇಂದ್ರವಾಗಿಟ್ಟುಕೊಂಡು ಗೈಡೊ ಸಾಂಟಿ ಮತ್ತು ಟೀನಾ ಮಸ್ಕಾರಾ ನಿರ್ದೇಶಿಸಿದ ಸಾಕ್ಷ್ಯಚಿತ್ರವೇ 2014ರಲ್ಲಿ ತೆರೆಕಂಡ ‘ಮಾಂಕ್ ವಿತ್ ಎ ಕ್ಯಾಮೆರಾ’. ಹೆಸರಿಗೆ ಇದು ಅಮೆರಿಕದ ಭಿಕ್ಷು ನಿಕೊಲಸ್ ವ್ರೀಲ್ಯಾಂಡ್ ಅವರ ಕಥೆ. ಆದರೆ ಈ ಕಥೆಯ ಮೂಲದಲ್ಲಿರುವವರು ಅವರ ಗುರು, ತಾಯ್ನಾಡು ತೊರೆದ ವಿದ್ವಾಂಸ ಖ್ಯೊಂಗ್ಲಾ ರಾತೋ ರಿನ್‌ಪೋಚೆ.

ಗುರುವಿನ ಹಾದಿ

ರಿನ್‌ಪೋಚೆ 1923ರಲ್ಲಿ ಪೂರ್ವ ಟಿಬೆಟ್‌ನ ದಗ್ಯಾಬ್ ಪ್ರದೇಶದಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ಹಿಂದಿನ ಲಾಮಾ ಒಬ್ಬರ ಪುನರವತಾರವೆಂದು ಗುರುತಿಸಲ್ಪಟ್ಟ ಅವರು ದಶಕಗಳ ಕಾಲ ಶಾಸ್ತ್ರಾಧ್ಯಯನ ನಡೆಸಿದರು. ಲಾಸಾದ ಸಮೀಪದಲ್ಲಿದ್ದ ರಾತೋ ಮಠವು ಹದಿನಾಲ್ಕನೆಯ ಶತಮಾನದಲ್ಲಿ ಸ್ಥಾಪನೆಯಾಗಿ, ತರ್ಕಶಾಸ್ತ್ರದ ಅಧ್ಯಯನಕ್ಕೆ ಹೆಸರಾಗಿತ್ತು. 1959ರಲ್ಲಿ ಲಾಸಾದ ದಂಗೆಯನ್ನು ಚೀನಾ ಹತ್ತಿಕ್ಕಿದಾಗ ದಲೈ ಲಾಮಾ ಭಾರತಕ್ಕೆ ಬಂದರು. ರಿನ್‌ಪೋಚೆ ಕೂಡ ಅದೇ ವರ್ಷ ದೇಶ ಬಿಟ್ಟರು. 1968ರಲ್ಲಿ ನ್ಯೂಯಾರ್ಕ್ ಸೇರಿದ ಅವರು 1975ರಲ್ಲಿ ಅಲ್ಲಿ ‘ಟಿಬೆಟ್ ಸೆಂಟರ್’ ಸ್ಥಾಪಿಸಿದರು. 1977ರಲ್ಲಿ ಅವರ ಆತ್ಮಕಥೆ ‘ಮೈ ಲೈಫ್ ಆ್ಯಂಡ್ ಲೈವ್ಸ್’ ಪ್ರಕಟವಾಯಿತು.

ಅದೇ ವರ್ಷ ಅವರ ಬಳಿಗೆ ಬಂದ ಯುವಕನೇ ವ್ರೀಲ್ಯಾಂಡ್. ‘ವೋಗ್’ ಪತ್ರಿಕೆಯ ಹೆಸರಾಂತ ಸಂಪಾದಕಿ ಡಯಾನಾ ವ್ರೀಲ್ಯಾಂಡ್ ಅವರ ಮೊಮ್ಮಗನಾದ ಈತ ಛಾಯಾಗ್ರಾಹಕನಾಗುವ ಹಾದಿಯಲ್ಲಿದ್ದರು. 1985ರಲ್ಲಿ ಸನ್ಯಾಸ ಸ್ವೀಕರಿಸಿ ಮುಂಡಗೋಡಕ್ಕೆ ಬಂದು, 1998ರಲ್ಲಿ ಬೌದ್ಧ ಶಾಸ್ತ್ರಾಧ್ಯಯನದ ಉನ್ನತ ಪದವಿಯಾದ ‘ಗೆಶೆ’ ಪಡೆದರು.

ಮುಂಡಗೋಡದ ಮಠ

ಡ್ರೆಪುಂಗ್ ಮತ್ತು ಗಂದೆನ್ ಮಹಾಮಠಗಳ ಭಿಕ್ಷುಗಳು ಮೊದಲು ಪಶ್ಚಿಮ ಬಂಗಾಳದ ಬಕ್ಸಾ ಶಿಬಿರದಲ್ಲಿದ್ದರು. 1969ರಲ್ಲಿ ಅವರು ಮುಂಡಗೋಡಕ್ಕೆ ಬಂದು ತಮ್ಮ ಮಠಗಳನ್ನು ಪುನಃ ಕಟ್ಟಿದರು. ರಾತೋ ಮಠ ಇಲ್ಲಿ ಮರುಹುಟ್ಟು ಪಡೆದದ್ದು 1983ರಲ್ಲಿ. ವಿದ್ಯಾರ್ಥಿಗಳು ಹೆಚ್ಚಿದಂತೆ ಸ್ಥಳ ಸಾಲದಾಯಿತು. ಹೊಸ ಕಟ್ಟಡಕ್ಕೆ ಕೈಹಾಕಿದ ಹೊತ್ತಿಗೆ 2008ರ ಜಾಗತಿಕ ಆರ್ಥಿಕ ಕುಸಿತದಿಂದ ದೇಣಿಗೆ ಬತ್ತಿತು. ಆಗ ವ್ರೀಲ್ಯಾಂಡ್ ತಮ್ಮ ಛಾಯಾಚಿತ್ರಗಳನ್ನು ಮಾರಿ ಹಣ ಹೊಂದಿಸಿದರು. 2011ರ ಜನವರಿ 31ರಂದು ದಲೈ ಲಾಮಾ ಅವರ ಸಮ್ಮುಖದಲ್ಲಿ ಹೊಸ ಮಠದ ಉದ್ಘಾಟನೆ ನೆರವೇರಿತು. 2012ರಲ್ಲಿ ಅವರು ವ್ರೀಲ್ಯಾಂಡ್ ಅವರನ್ನೇ ಮಠಾಧೀಶರನ್ನಾಗಿ ನೇಮಿಸಿದರು.

ಮತ್ತೊಂದು ಚಿತ್ರದ ಜೊತೆ

ರಿನ್‌ಪೋಚೆ ಪಾಠ ಹೇಳುತ್ತಿದ್ದ ನ್ಯೂಯಾರ್ಕ್‌ನಲ್ಲಿಯೇ ನೆಲೆ ಕಳೆದುಕೊಂಡ ಮತ್ತೊಬ್ಬ ಚಿಂತಕನಿದ್ದರು: ಪ್ಯಾಲೆಸ್ಟೀನ್ ಮೂಲದ ಎಡ್ವರ್ಡ್ ಸೈದ್ (1935-2003). ಜೆರುಸಲೇಮ್‌ನಲ್ಲಿ ಹುಟ್ಟಿ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಬೋಧಿಸಿ, 1978ರಲ್ಲಿ ‘ಓರಿಯಂಟಲಿಸಂ’ ಬರೆದ ಅವರ ಕುರಿತು ಜಪಾನಿನ ಸಾತೊ ಮಕೊತೊ 2005ರಲ್ಲಿ ‘ಔಟ್ ಆಫ್ ಪ್ಲೇಸ್’ ಎಂಬ ಸಾಕ್ಷ್ಯಚಿತ್ರ ರೂಪಿಸಿದರು. ಸೈದ್ ನಿಧನರಾದ ಬಳಿಕ ತಯಾರಾದ ಆ ಚಿತ್ರ, ಅವರು ಬದುಕಿದ ಊರುಗಳನ್ನು ಅರಸಿ ಸಾಗುತ್ತದೆ. ಅವರ ಸಮಾಧಿ ಇರುವುದು ಹುಟ್ಟಿದ ನಾಡಿನಲ್ಲಲ್ಲ, ಲೆಬನಾನ್‌ನಲ್ಲಿ.

ಇಬ್ಬರ ಚಿಂತನೆಯ ದಾರಿ ಬೇರೆ, ಪರಂಪರೆಯೂ ಬೇರೆ. ಆದರೆ ತಾಯ್ನೆಲ ತಪ್ಪಿದವನು ತನ್ನ ಹಿಂದೆ ಏನನ್ನು ಉಳಿಸಿ ಹೋಗುತ್ತಾನೆ ಎಂಬ ಪ್ರಶ್ನೆ ಎರಡೂ ಚಿತ್ರಗಳಿಗೆ ಸಮಾನ. ಸೈದ್ ಪುಸ್ತಕಗಳನ್ನು ಉಳಿಸಿದರು; ರಿನ್‌ಪೋಚೆ ಶಿಷ್ಯರನ್ನು ಉಳಿಸಿದರು.

ಉಳಿದದ್ದೇನು?

ಮುಂಡಗೋಡದ ಚಿತ್ರಕ್ಕೆ ಒಂದು ಮಿತಿಯೂ ಇದೆ. ಶಿಷ್ಯನ ವರ್ಣರಂಜಿತ ಕುಟುಂಬದ ಬೆಳಕಿನಲ್ಲಿ ಗುರುವನ್ನು ನೋಡುಗನೇ ಹುಡುಕಿಕೊಳ್ಳಬೇಕು. ರಿನ್‌ಪೋಚೆ 2022ರಲ್ಲಿ ನಿಧನರಾದ ಮೇಲೆ ಈ ಹುಡುಕಾಟಕ್ಕೆ ಹೆಚ್ಚಿನ ಅರ್ಥ ಬಂದಿದೆ. 2008ರ ನಂತರ ಟಿಬೆಟ್‌ನಿಂದ ಗಡಿ ದಾಟಿ ಬರುವವರ ಸಂಖ್ಯೆ ತೀರಾ ಇಳಿದಿದೆ. ಆ ನಾಡನ್ನು ಕಣ್ಣಾರೆ ಕಂಡವರ ತಲೆಮಾರು ಮರೆಯಾಗುತ್ತಿದೆ. ಇನ್ನು ಮುಂದೆ ಈ ವಿದ್ಯೆಯನ್ನು ಕಾಯಬೇಕಾದವರು ಟಿಬೆಟನ್ನು ಎಂದೂ ನೋಡದವರೇ.

ಟಿಬೆಟನ್ ಮಠಗಳ ತರ್ಕಾಭ್ಯಾಸದಲ್ಲಿ ನಿಂತವನು ಚಪ್ಪಾಳೆ ತಟ್ಟಿ ಪ್ರಶ್ನೆ ಎಸೆಯುತ್ತಾನೆ, ಕುಳಿತವನು ಉತ್ತರಿಸುತ್ತಾನೆ. ಲಾಸಾದ ಬಳಿ ನಿಂತುಹೋಗಬಹುದಾಗಿದ್ದ ರಾತೋದ ಆ ಚಪ್ಪಾಳೆ ನಮ್ಮ ನೆರೆಯ ತಾಲ್ಲೂಕಿನಲ್ಲಿ ಮುಂದುವರಿದಿದೆ. ವಾರಾಂತ್ಯದ ಪ್ರವಾಸಕ್ಕೆಂದು ಮುಂಡಗೋಡಕ್ಕೆ ಹೋಗುವವರು ಮಂದಿರಗಳ ಫೋಟೊ ತೆಗೆದು ಮರಳುವ ಮುನ್ನ ಒಂದು ಕ್ಷಣ ನಿಂತು ಕೇಳಬೇಕಾದ ಸದ್ದು ಅದು.