ಹಾಡಿನ ಯಾದಿ ಹೊತ್ತ ಬಿಲ್ಲೆ

ಯಾವ ಹಾಡಿನ ನಂತರ ಯಾವ ಹಾಡು ಕೇಳಬೇಕು ಎಂಬುದನ್ನು ನಿರ್ಧರಿಸುವ ಅಧಿಕಾರ ಕೇಳುಗನ ಕೈಗೆ ಬಂದು ಬಹಳ ಕಾಲವೇನೂ ಆಗಿಲ್ಲ. ಗ್ರಾಮಾಫೋನಿನ ದಿನಗಳಲ್ಲಿ 78 ವೇಗದ ರೆಕಾರ್ಡಿನ ಒಂದು ಮಗ್ಗುಲಿಗೆ ಮೂರು-ನಾಲ್ಕು ನಿಮಿಷಗಳ ಸಂಗೀತವಷ್ಟೇ ಹಿಡಿಯುತ್ತಿತ್ತು. ಅದೇನೆಂಬುದನ್ನು ಕಂಪನಿಯೇ ಗೊತ್ತುಮಾಡುತ್ತಿತ್ತು. 1966ರಲ್ಲಿ ಗುಲಬರ್ಗಾದಲ್ಲಿ, ಅಂದರೆ ಇಂದಿನ ಕಲಬುರಗಿಯಲ್ಲಿ, ಆಕಾಶವಾಣಿ ಕೇಂದ್ರ ಆರಂಭವಾಯಿತು. ಬ್ರಹ್ಮಪುರದಂಥ ಬಡಾವಣೆಗಳ ಮನೆಗಳಿಗೆ ಹಾಡು ಹತ್ತಿರವಾಯಿತಾದರೂ ಆಯ್ಕೆ ಮಾತ್ರ ಕೇಂದ್ರದ್ದೇ. ಕೇಳುಗರು ಅಂಚೆ ಕಾರ್ಡಿನಲ್ಲಿ ಕೋರಿಕೆ ಬರೆದು ಕಾಯಬೇಕಿತ್ತು.

ಈ ಸ್ಥಿತಿಯನ್ನು ಮೊದಲು ಬದಲಿಸಿದ್ದು ಕ್ಯಾಸೆಟ್. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಈ ಪುಟ್ಟ ಡಬ್ಬಿ, 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ'ದೊಂದಿಗೆ ಕನ್ನಡ ಭಾವಗೀತೆಯನ್ನು ಮನೆಮನೆಗೆ ಒಯ್ದಿತು. ಕ್ಯಾಸೆಟ್ಟಿನ ಇನ್ನೊಂದು ಗುಣವೆಂದರೆ ಅದು ಖಾಲಿಯಾಗಿಯೂ ಸಿಗುತ್ತಿತ್ತು. ಯಾದಿ ಬರೆದುಕೊಟ್ಟರೆ 60 ಅಥವಾ 90 ನಿಮಿಷದ ಕ್ಯಾಸೆಟ್ಟಿಗೆ ಬೇಕಾದ ಹಾಡುಗಳನ್ನು ತುಂಬಿಕೊಡುವ ಅಂಗಡಿಗಳು ಊರೂರಿನಲ್ಲಿ ಹುಟ್ಟಿಕೊಂಡವು.

ಕನ್ನಡ, ಉರ್ದು, ಮರಾಠಿ, ತೆಲುಗು ನಾಲ್ಕೂ ಕಿವಿಗೆ ಬೀಳುವ ಕಲಬುರಗಿಯಂಥ ಊರಿಗೆ ಇದರ ಅಗತ್ಯ ಹೆಚ್ಚು. ಶರಣರ ವಚನ, ಕಡಕೋಳ ಮಡಿವಾಳಪ್ಪನವರ ತತ್ವಪದ, ಖವ್ವಾಲಿ, ಹಿಂದಿ ಚಿತ್ರಗೀತೆ, ಇವೆಲ್ಲವನ್ನೂ ಒಂದೇ ಕ್ಯಾಸೆಟ್ಟಿನಲ್ಲಿ ಹಾಕಿ ಮಾರುವ ಕಂಪನಿ ಎಲ್ಲಿದ್ದೀತು? ಅಂಥ ಯಾದಿಯನ್ನು ಕೇಳುಗನೇ ಕಟ್ಟಿಕೊಳ್ಳಬೇಕು. ಆದರೆ ಕ್ಯಾಸೆಟ್ಟಿಗೆ ಒಂದು ಕೊರತೆಯಿತ್ತು. ಪ್ರತಿಯಿಂದ ಪ್ರತಿ ತೆಗೆದಂತೆಲ್ಲ ದನಿ ಮಂಕಾಗಿ 'ಸುಯ್' ಎಂಬ ಸದ್ದು ಹೆಚ್ಚುತ್ತಿತ್ತು.

1982ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕ್ ಈ ಕೊರತೆಯನ್ನು ನೀಗಿತು. ಅದರಲ್ಲಿ ದನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದು ಅಂಕಿಗಳಾಗಿ ಇಡಲಾಗುತ್ತದೆ. ಅಂಕಿಗಳನ್ನು ಎಷ್ಟು ಸಲ ನಕಲು ಮಾಡಿದರೂ ಸವೆತವಿಲ್ಲ. ಆದರೆ ಕಾರ್ಖಾನೆಯಲ್ಲಿ ಅಚ್ಚೊತ್ತಿದ ಆ ಬಿಲ್ಲೆಯ ಮೇಲೆ ಮನೆಯಲ್ಲಿ ಏನನ್ನೂ ಬರೆಯಲಾಗುತ್ತಿರಲಿಲ್ಲ. ಬರೆಯಬಹುದಾದ ಬಿಲ್ಲೆಯನ್ನು ಜಪಾನಿನ ತಾಯೊ ಯುದೆನ್ ಕಂಪನಿ 1988ರಲ್ಲಿ ಸಿದ್ಧಪಡಿಸಿತು. ಅದು ಜನಸಾಮಾನ್ಯರ ಕೈಗೆ ಸಿಕ್ಕಿದ್ದು ಸುಮಾರು ಒಂದು ದಶಕದ ನಂತರ.

ನಮ್ಮಲ್ಲಿ 'ಸಿ.ಡಿ. ರೈಟ್ ಮಾಡುವುದು' ಎಂದು ಹೆಸರಾದ ಈ ಕೆಲಸಕ್ಕೆ ಇಂಗ್ಲಿಷಿನವರು 'ಸುಡುವುದು' ಎನ್ನುತ್ತಾರೆ. ಆ ಹೆಸರಿಗೆ ಕಾರಣವಿದೆ. ಖಾಲಿ ಬಿಲ್ಲೆಯೊಳಗೆ ತೆಳುವಾದ ಬಣ್ಣದ ಪದರವೊಂದಿರುತ್ತದೆ. ಲೇಸರ್ ಕಿರಣ ಅದನ್ನು ಅಲ್ಲಲ್ಲಿ ಕಾಯಿಸಿ ಗುರುತು ಮಾಡುತ್ತದೆ. ಗುರುತು ಬಿದ್ದ ಕಡೆ ಬೆಳಕು ಕಡಿಮೆ ಪ್ರತಿಫಲಿಸುತ್ತದೆ, ಉಳಿದೆಡೆ ಹೆಚ್ಚು. ಪ್ಲೇಯರ್ ಓದುವುದು ಈ ವ್ಯತ್ಯಾಸವನ್ನೇ. ಒಮ್ಮೆ ಬರೆದದ್ದನ್ನು ಅಳಿಸುವಂತಿಲ್ಲ. ನಡುವೆ ಕರೆಂಟು ಹೋದರೆ ಬಿಲ್ಲೆ ಹಾಳು.

ಆದ್ದರಿಂದ ಯಾದಿಯನ್ನು ಮೊದಲೇ ಯೋಚಿಸಿ ಕಟ್ಟಬೇಕಿತ್ತು. ಆಡಿಯೊ ಸಿ.ಡಿ.ಗೆ ಹಿಡಿಯುತ್ತಿದ್ದುದು 74 ಇಲ್ಲವೆ 80 ನಿಮಿಷ. ಹದಿನೈದು ಹಾಡು ಹಾಕಿದರೆ ಹದಿನಾರನೆಯದನ್ನು ಬಿಡಬೇಕು. ಎಂ.ಪಿ.3 ಬಂದ ಮೇಲೆ ಈ ಲೆಕ್ಕ ತಲೆಕೆಳಗಾಯಿತು. ಕಿವಿಗೆ ಅಷ್ಟಾಗಿ ತಿಳಿಯದ ಅಂಶಗಳನ್ನು ಬಿಟ್ಟು ದನಿಯನ್ನು ಸುಮಾರು ಹತ್ತನೇ ಒಂದು ಭಾಗಕ್ಕೆ ಕುಗ್ಗಿಸುವ ವಿಧಾನವಿದು. ಅದೇ ಬಿಲ್ಲೆಯಲ್ಲಿ ನೂರಕ್ಕೂ ಹೆಚ್ಚು ಹಾಡುಗಳು ಕೂತವು.

ಕೇಳುಗನ ಲಾಭ ಕಂಪನಿಗಳಿಗೆ ನಷ್ಟವಾಯಿತು. 1957ರ ಕೃತಿಸ್ವಾಮ್ಯ ಕಾಯ್ದೆ ಸ್ವಂತ ಉಪಯೋಗದ ನ್ಯಾಯಯುತ ಬಳಕೆಗೆ ವಿನಾಯಿತಿ ನೀಡುತ್ತದೆ. ಆದರೆ ನಕಲು ಮಾಡಿ ಮಾರಿದರೆ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಕರ್ನಾಟಕದ ಗೂಂಡಾ ಕಾಯ್ದೆಯ ಹೆಸರಿನಲ್ಲೇ ಆಡಿಯೊ-ವಿಡಿಯೊ ನಕಲುಕೋರರು ಸೇರಿದ್ದಾರೆ. ಹಾಡಿದವರಿಗೂ ಬರೆದವರಿಗೂ ಸಲ್ಲಬೇಕಾದ ಹಣ ಬೀದಿ ಬದಿಯ ನಕಲು ಸಿ.ಡಿ.ಗಳಲ್ಲಿ ಸೋರಿಹೋಯಿತೆಂಬುದು ನಿಜ.

ಪೆನ್‌ಡ್ರೈವ್, ಮೊಬೈಲುಗಳು ಬಂದು ಬಿಲ್ಲೆಯ ಕಾಲ ಮುಗಿಯಿತು. ಒಂದು ಕಾಲಕ್ಕೆ ಖಾಲಿ ಬಿಲ್ಲೆಗಳ ಭಾರಿ ಉತ್ಪಾದಕನಾಗಿದ್ದ ಭಾರತದ ಮೋಸರ್ ಬೇರ್ ಕಂಪನಿ 2018ರಲ್ಲಿ ಸಮಾಪನೆಗೆ ಹೋಯಿತು. ಇಂದಿನ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಸಿ.ಡಿ. ಹಾಕುವ ಜಾಗವೇ ಇಲ್ಲ.

ಚಿತ್ರಗೀತೆಗಳೇನೋ ಬೇರೆಡೆ ಸಿಗುತ್ತವೆ. ಆತಂಕವಿರುವುದು ಬೇರೆಲ್ಲೂ ಸಿಗದ ದನಿಗಳ ಬಗ್ಗೆ. ಊರ ಭಜನಾ ಮಂಡಳಿಯ ಹಾಡು, ಜಾತ್ರೆಯ ತತ್ವಪದ, ಅಜ್ಜಿಯ ಬೀಸುವ ಪದ ಹಳೆಯ ಕ್ಯಾಸೆಟ್ಟಿನಿಂದ ಬಿಲ್ಲೆಗೆ ಬಂದು ಅಲ್ಲಿಯೇ ಉಳಿದಿದ್ದರೆ, ಅವುಗಳ ಆಯುಷ್ಯ ಆ ಬಣ್ಣದ ಪದರದ ಆಯುಷ್ಯವೇ. ಬಿಸಿಲು, ಸೆಕೆ ಆ ಪದರದ ವೈರಿಗಳು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿಯಲ್ಲಂತೂ ಕಿಟಕಿಯ ಪಕ್ಕ ಇಟ್ಟ ಬಿಲ್ಲೆ ಬಹುಕಾಲ ಬಾಳದು.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಕಂಪ್ಯೂಟರಿಗೆ ಹೊರಗಿನಿಂದ ಜೋಡಿಸುವ ಡ್ರೈವ್ ಈಗಲೂ ಸಿಗುತ್ತದೆ. ಬಿಲ್ಲೆ ಓದಲು ಬರುವಾಗಲೇ ದನಿಯನ್ನು ಹಾರ್ಡ್‌ಡಿಸ್ಕಿಗೆ ಇಳಿಸಿ, ಹಾಡಿದವರ ಹೆಸರು, ಊರು, ವರ್ಷ ಬರೆದು, ಎರಡು ಕಡೆ ಕಾದಿಡಬೇಕು. ಬಿಲ್ಲೆ ಹೋದರೆ ಹೋಗಲಿ, ಅದರೊಳಗಿನ ದನಿ ಉಳಿಯಬೇಕು.