ಕಿತ್ತೂರು ಚೆನ್ನಮ್ಮ: ಕಪ್ಪದ ಮಾತು ಮತ್ತು ಅಮ್ಮನ ಪ್ರಶ್ನೆ

ಪುಣೆಯಿಂದ ದಾವಣಗೆರೆಗೆ ಹೋಗುವ ಸ್ಲೀಪರ್ ಬಸ್ಸಲ್ಲಿ ಹನ್ನೊಂದು ವರ್ಷದಿಂದ ಓಡಾಡ್ತಿದ್ದೀನಿ. ಬೆಳಗಾವಿ ದಾಟಿ ಧಾರವಾಡ ಬರೋದ್ರೊಳಗೆ, ನಸುಕಿನಲ್ಲಿ ಹೆದ್ದಾರಿ ಬದಿಗೆ ಕಿತ್ತೂರು ಅಂತ ಬೋರ್ಡ್ ಕಾಣುತ್ತೆ. ಒಂದು ಸಲವೂ ಇಳಿದಿರಲಿಲ್ಲ. ಹೋದ ದೀಪಾವಳಿಗೆ ಊರಲ್ಲಿ ಅಮ್ಮನ ಜೊತೆ ಕೂತು 1961ರ 'ಕಿತ್ತೂರು ಚೆನ್ನಮ್ಮ' ಸಿನಿಮಾ ನೋಡಿದೆ. ವಾಪಸ್ ಬರುವಾಗ ಹಗಲು ಬಸ್ ಹಿಡಿದು ಇಳಿದೇಬಿಟ್ಟೆ. ಇವತ್ತಿನ ಮಾತು ಆ ಸಿನಿಮಾ ಬಗ್ಗೆ.

ನಿರ್ದೇಶಕ ಬಿ. ಆರ್. ಪಂತುಲು ಕೋಲಾರ ಸೀಮೆಯವರು. ಚೆನ್ನಮ್ಮನಾಗಿ ಬಿ. ಸರೋಜಾದೇವಿ, ಮಲ್ಲಸರ್ಜನಾಗಿ ರಾಜ್‌ಕುಮಾರ್. ರಾಜ್ಯ ಒಂದಾಗಿ ಆಗ ಇನ್ನೂ ಐದೇ ವರ್ಷ. ಅಲ್ಲಿಯವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಊರಿನ ಕತೆಯನ್ನು ಹಳೇ ಮೈಸೂರಿನವರೂ ತಮ್ಮದೇ ಅಂತ ನೋಡಿದರು. ಇದೇನು ಸಣ್ಣ ಕೆಲಸ ಅಲ್ಲ.

ಸಿನಿಮಾ ನೆನೆದರೆ ನಮಗೆಲ್ಲ ಮೊದಲು ನೆನಪಾಗೋದು ಕಪ್ಪದ ಮಾತು. ಕಪ್ಪ ಕೇಳಿದವರನ್ನು ರಾಣಿ ತರಾಟೆಗೆ ತಗೊಳ್ಳುವ ಆ ದೃಶ್ಯವನ್ನು ಶಾಲೆಯ ಏಕಪಾತ್ರಾಭಿನಯದಲ್ಲಿ ಮಾಡದ ಹುಡುಗಿಯರೇ ಕಮ್ಮಿ. ಎರಡು ವರ್ಷ ಮುಂಚೆ, 1959ರಲ್ಲಿ, ಪಂತುಲು ಅವರೇ ತಮಿಳಲ್ಲಿ ಶಿವಾಜಿ ಗಣೇಶನ್ ಹಾಕಿಕೊಂಡು 'ವೀರಪಾಂಡಿಯ ಕಟ್ಟಬೊಮ್ಮನ್' ಮಾಡಿದ್ದರು. ಅಲ್ಲೂ ಕಪ್ಪದ ಜಗಳವೇ. ಅದರ ನೆರಳು ಇದರ ಮೇಲೆ ಬಿದ್ದಿದೆ ಅನ್ನೋದು ನನ್ನ ಊಹೆ.

ಆದರೆ ಇತಿಹಾಸ ಓದಿದಾಗ ನನಗೆ ಸ್ವಲ್ಪ ಕಸಿವಿಸಿ ಆಯ್ತು. 1818ರಲ್ಲಿ ಕಿತ್ತೂರಿನವರು ಪೇಶ್ವೆ ವಿರುದ್ಧ ಇಂಗ್ಲಿಷರ ಪರ ನಿಂತಿದ್ದರು! ವರ್ಷಾವರ್ಷ ಹಣ ಕಟ್ಟುವ ಕರಾರಿನ ಮೇಲೆಯೇ ಕಂಪನಿ ಸಂಸ್ಥಾನವನ್ನು ಅವರಿಗೆ ಉಳಿಸಿಕೊಟ್ಟಿತ್ತು. ಅಂದ್ರೆ ಕಪ್ಪ ಕೊಡ್ತಾನೇ ಇದ್ದರು. ಹಾಗೆ ಯಾಕೆ ಮಾಡಿದರು? ಎರಡನೇ ಬಾಜೀರಾವ್ ಪೇಶ್ವೆ ಮಲ್ಲಸರ್ಜ ದೇಸಾಯಿಯನ್ನು ಪುಣೆಯಲ್ಲಿ ವರ್ಷಗಟ್ಟಲೆ ಹಿಡಿದಿಟ್ಟಿದ್ದ. ಬಿಡುಗಡೆ ಆಗುವಷ್ಟರಲ್ಲಿ ಕಾಯಿಲೆ ಹತ್ತಿತ್ತು, 1816ರಲ್ಲಿ ತೀರಿಕೊಂಡರು. ಪೇಶ್ವೆ ಮೇಲಿನ ಸಿಟ್ಟಿಗೆ ಕಾರಣ ಇತ್ತು.

ನಿಜವಾದ ಜಗಳ ಎದ್ದಿದ್ದು ದತ್ತು ವಿಷಯಕ್ಕೆ. ಹಿರಿಯ ರಾಣಿ ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜ 1824ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ. ಮಕ್ಕಳಿರಲಿಲ್ಲ, ಶಿವಲಿಂಗಪ್ಪ ಅನ್ನೋ ಹುಡುಗನನ್ನು ದತ್ತು ತಗೊಂಡಿದ್ದ. ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ನಮ್ಮ ಭಾಷೇಲಿ ಹೇಳೋದಾದ್ರೆ, ಅಪ್ರೂವಲ್ ಪೆಂಡಿಂಗ್ ಇರುವಾಗಲೇ ಆ್ಯಕ್ಸೆಸ್ ಕಿತ್ತುಕೊಂಡ. ಖಜಾನೆಗೆ ಬೀಗಮುದ್ರೆ ಹಾಕಿಸಿದ. ಅವನ ಮೇಲಿನ ಅಧಿಕಾರಿ, ದಖ್ಖನ್ ಕಮಿಷನರ್ ಚಾಪ್ಲಿನ್, ಕೂತಿದ್ದು ಎಲ್ಲಿ? ಮತ್ತೆ ಪುಣೆಯಲ್ಲೇ. ನಾನು ಬಾಡಿಗೆ ಮನೆ ಮಾಡಿರೋ ಊರು ಈ ಕತೇಲಿ ಎರಡು ಸಲ ಬರುತ್ತೆ ಅಂತ ನಂಗೆ ಗೊತ್ತೇ ಇರಲಿಲ್ಲ.

1824ರ ಅಕ್ಟೋಬರ್ 23. ಕೋಟೆ ಬಾಗಿಲು ತೆಗೆಯದಿದ್ದರೆ ಫಿರಂಗಿ ಹಚ್ಚಿ ಒಡೀತೀನಿ ಅಂತ ಥ್ಯಾಕರೆ ಬೆದರಿಸಿದ. ಬಾಗಿಲು ತೆಗೀತು, ಒಳಗಿಂದ ಕಿತ್ತೂರಿನ ಸೈನ್ಯವೇ ನುಗ್ಗಿ ಬಂತು. ಥ್ಯಾಕರೆ ಸತ್ತ. ಅವನ ಸಹಾಯಕರು ಸ್ಟೀವನ್‌ಸನ್, ಎಲಿಯಟ್ ಸೆರೆ ಸಿಕ್ಕರು. ದತ್ತು ಒಪ್ಪದೆ ಸಂಸ್ಥಾನ ನುಂಗುವುದಕ್ಕೆ ಹೆಸರಾದ ಡಾಲ್‌ಹೌಸಿ ಇಂಡಿಯಾಕ್ಕೆ ಬಂದಿದ್ದು 1848ರಲ್ಲಿ. ಝಾನ್ಸಿ ಅದಕ್ಕೂ ಆಮೇಲೆ.

ಚೆನ್ನಮ್ಮ ಆ ಸೆರೆಯಾಳುಗಳನ್ನು ಕೊಲ್ಲಿಸಲಿಲ್ಲ. ಡಿಸೆಂಬರ್ ಮೊದಲ ವಾರ ಬಿಟ್ಟು ಕಳಿಸಿದಳು. ಹಾಗಿದ್ದೂ ದೊಡ್ಡ ಸೈನ್ಯ ಬಂದು ಕೋಟೆ ಹಿಡೀತು. ಇಲ್ಲೊಂದು ಸ್ವಾರಸ್ಯ ಇದೆ. ಜೀವಂತ ಉಳಿದ ಆ ವಾಲ್ಟರ್ ಎಲಿಯಟ್ ಮುಂದೆ ನಮ್ಮ ಸೀಮೆಯ ನೂರಾರು ಶಾಸನಗಳನ್ನು ಪ್ರತಿ ಮಾಡಿಸಿದ. ಚಾಲುಕ್ಯರ ಇತಿಹಾಸ ಬರೆಯಲು ಆಧಾರವಾದ ಮೊದಮೊದಲ ದೊಡ್ಡ ಸಂಗ್ರಹ ಅದು. ಅವತ್ತು ರಾಣಿ ಸಿಟ್ಟಿನ ಕೈಗೆ ಬುದ್ಧಿ ಕೊಟ್ಟಿದ್ದರೆ ಆ ಕೆಲಸ ಎಷ್ಟು ತಡ ಆಗ್ತಿತ್ತೋ!

ಹಾಗಾದ್ರೆ ಸಿನಿಮಾ ಸುಳ್ಳು ಹೇಳಿತಾ? ನಂಗೆ ಹಾಗನ್ಸಲ್ಲ. ದತ್ತು ಪತ್ರ, ಮುದ್ರೆ, ಕಲೆಕ್ಟರನ ಕಾಗದ ಇವನ್ನೆಲ್ಲ ಕೊಟ್ಟಿಗೆಯಲ್ಲಿ ಕೂತು ಟೂರಿಂಗ್ ಟಾಕೀಸ್ ನೋಡುವವರಿಗೆ ಹೇಗೆ ಮುಟ್ಟಿಸೋದು? "ನಮ್ಮ ಮನೆ ವಿಷಯ ತೀರ್ಮಾನಿಸೋಕೆ ನೀನ್ಯಾರು" ಅನ್ನುವ ರೋಷವನ್ನು ಕಪ್ಪದ ಮಾತಿಗೆ ತುಂಬಿದರು. ರೋಷ ನಿಜದ್ದೇ. ಸರೋಜಾದೇವಿ ಮುಖದಲ್ಲಿ ಅದು ಇವತ್ತಿಗೂ ಹಳತಾಗಿಲ್ಲ. ಆದರೆ ಅಷ್ಟಕ್ಕೇ ನಾವು ನಿಂತುಬಿಟ್ಟರೆ ಕಿತ್ತೂರಿಗೆ ಅನ್ಯಾಯ. ಒಂದು ಕಾಲಕ್ಕೆ ಇಂಗ್ಲಿಷರನ್ನು ನಂಬಿ, ಮೋಸ ಹೋಗಿ, ಆಮೇಲೆ ತಿರುಗಿ ಬಿದ್ದವರ ಧೈರ್ಯ ನನಗೆ ಇನ್ನೂ ದೊಡ್ಡದಾಗಿ ಕಾಣುತ್ತೆ.

ಸಿನಿಮಾ ಮುಗಿದಾಗ ಅಮ್ಮ ಕಪ್ಪದ ಸುದ್ದಿ ಎತ್ತಲೇ ಇಲ್ಲ. "ಆ ದತ್ತು ಹುಡುಗ ಏನಾದ್ನೋ?" ಅಂತ ಕೇಳಿದರು. ನನ್ನ ಹತ್ರ ಉತ್ತರ ಇರಲಿಲ್ಲ. ಈಗ ಇದೆ. ಚೆನ್ನಮ್ಮ 1829ರ ಫೆಬ್ರವರಿಯಲ್ಲಿ ಬೈಲಹೊಂಗಲದ ಸೆರೆಯಲ್ಲೇ ತೀರಿಕೊಂಡಳು. ಸಂಗೊಳ್ಳಿ ರಾಯಣ್ಣ ಮತ್ತೆ ದಂಡು ಕಟ್ಟಿದ್ದೇ ಆ ಹುಡುಗನನ್ನು ಪಟ್ಟಕ್ಕೆ ಕೂರಿಸೋಕೆ. ಹುಡುಗ ಇಂಗ್ಲಿಷರ ಕೈಗೆ ಸಿಕ್ಕ. ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು.

ಕಿತ್ತೂರಿನಲ್ಲಿ ಈಗ ಅರಮನೆಯ ಮುರಿದ ಗೋಡೆಗಳಿವೆ, ಪಕ್ಕದಲ್ಲೇ ಒಂದು ಮ್ಯೂಸಿಯಂ. ಆ ಗೋಡೆ ನೆರಳಲ್ಲಿ ನಿಂತೇ ಅಮ್ಮನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಾಪ" ಅಂದರು. ಪುಣೆ–ಬೆಂಗಳೂರು ರಸ್ತೇಲಿ ಓಡಾಡೋ ನೀವೂ ಒಂದು ಸಲ ಅಲ್ಲಿ ಇಳೀರಿ. ಮುಂದಿನ ವಿಡಿಯೋದಲ್ಲಿ ಸಿಗೋಣ.