ಕಾಯಿಲ್ಲದ ಚಟ್ನಿಯ ಕಥೆ

ವಾಚಕರೇ, ಬೆಳಗಿನ ದೋಸೆಯ ಪಕ್ಕದಲ್ಲಿ ಕಾಯಿಚಟ್ನಿ ಇಲ್ಲದಿದ್ದರೆ ನಿಮಗೆ ಹೇಗಾದೀತು? ಶ್ರುತಿಯಿಲ್ಲದ ಹಾಡಿನಂತೆ ಎನ್ನುವಿರಿ. ನಾನೂ ಹಾಗೆಯೇ ಎನ್ನುತ್ತಿದ್ದೆ. ಈಚೆಗೆ ವೈದ್ಯರು ನನ್ನ ರಕ್ತಪರೀಕ್ಷೆಯ ಕಾಗದವನ್ನು ನೋಡಿ, “ಮೇಷ್ಟ್ರೇ, ಇನ್ನು ಕಾಯಿ, ಎಣ್ಣೆ ಎರಡರಲ್ಲೂ ಕೈ ಬಿಗಿಹಿಡಿಯಬೇಕು” ಎಂದರು. ಮನೆಗೆ ಬಂದು ತಾಯಿಯವರಿಗೆ ತಿಳಿಸಿದೆ. ಎಂಬತ್ತು ದಾಟಿದ ಅವರ ಮುಖ ಸಣ್ಣದಾಯಿತು. “ಕಾಯಿ ಹಾಕದ್ದು ಎಂಥ ಚಟ್ನಿಯೋ? ನಾಲ್ಕು ಜನ ಬಂದರೆ ನಮ್ಮ ಮನೆಯನ್ನು ಏನಂದುಕೊಂಡಾರು?” ಎಂದು ಸುಮ್ಮನಾದರು.

ಆ ಮಾತಿನ ಹಿಂದೆ ಒಂದು ಚರಿತ್ರೆಯಿದೆ. ಅವರು ಸೊಸೆಯಾಗಿ ಬಂದಾಗ ಹನ್ನೊಂದು ಎಲೆ ಬೀಳುತ್ತಿದ್ದ ಮನೆ. ತೆಂಗಿನಕಾಯಿ ದೇವರಿಗೆ, ಮಿಕ್ಕರೆ ನೆಂಟರಿಗೆ. ಮನೆಯವರ ಪಾಲಿಗೆ ಕೆಂಡದಲ್ಲಿ ಸುಟ್ಟ ಬದನೆಕಾಯಿಯ ಗೊಜ್ಜು. ಆ ಗೊಜ್ಜು ಅವರಿಗೆ ಇಂದಿಗೂ ಬಡತನದ ಗುರುತು. ಅದು ಹಾಗಲ್ಲ, ಅದು ಮಾನವಂತ ಮನೆತನದ ಅಡಿಗೆ ಎಂದು ತೋರಿಸುವ ಹೊಣೆ ಈ ಕನ್ನಡ ಪಂಡಿತನ ಮೇಲೆ ಬಿತ್ತು.

ಮೊದಲು ‘ಚಟ್ನಿ’ಯ ಕುಲವನ್ನೇ ವಿಚಾರಿಸೋಣ. ಹಿಂದಿಯ ‘ಚಾಟ್‌ನಾ’ ಎಂದರೆ ನೆಕ್ಕು; ಅದರಿಂದ ಹುಟ್ಟಿದ್ದು ಚಟ್ನಿ. ನಮ್ಮ ಹಿರಿಯರು ಆಹಾರವನ್ನು ಭಕ್ಷ್ಯ, ಭೋಜ್ಯ, ಲೇಹ್ಯ, ಚೋಷ್ಯ ಎಂದು ವಿಂಗಡಿಸಿದರಷ್ಟೆ. ಲೇಹ್ಯವೆಂದರೂ ನೆಕ್ಕುವಂಥದೇ. ಆ ಅರ್ಥದಲ್ಲಿ ಎಲ್ಲಿಯೂ ತೆಂಗಿನಕಾಯಿಯ ಸುಳಿವಿಲ್ಲ. ಗೊಜ್ಜು, ಪಚ್ಚಡಿ, ಬಜ್ಜಿ, ತಂಬುಳಿ ಇವೆಲ್ಲ ಒಂದೇ ಬಳಗದವು. ಅನ್ನಕ್ಕೋ ರೊಟ್ಟಿಗೋ ರುಚಿ ಹಚ್ಚುವುದೇ ಇವುಗಳ ಕೆಲಸ.

ಇನ್ನು ಬದನೆ. ಇದು ಭಾರತ ಮತ್ತು ಅದರ ಪೂರ್ವದ ನೆರೆನಾಡುಗಳಲ್ಲಿ ಬಹು ಹಿಂದೆಯೇ ಕೃಷಿಗೆ ಬಂದ ಗಿಡ. ಸಂಸ್ಕೃತದಲ್ಲಿ ಇದಕ್ಕೆ ವೃಂತಾಕ, ವಾರ್ತಾಕ, ವಾತಿಂಗಣ ಎಂಬ ಹೆಸರುಗಳುಂಟು. ಕೊನೆಯ ಹೆಸರು ಪರ್ಷಿಯಾಕ್ಕೆ ಹೋಗಿ ‘ಬಾದಿಂಗಾನ್’ ಆಯಿತು. ಅರಬರ ಬಾಯಲ್ಲಿ ‘ಬಾದಿಂಜಾನ್’. ಅರಬರೊಡನೆ ಸ್ಪೇನಿಗೆ ದಾಟಿ ‘ಬೆರೆನ್‌ಹೇನ’, ಪೋರ್ಚುಗೀಸರಲ್ಲಿ ‘ಬೆರಿಂಜೇಲ’, ಫ್ರೆಂಚರಲ್ಲಿ ‘ಓಬರ್ಜೀನ್’ ಎನಿಸಿತು. ಕೊನೆಗೆ ಪೋರ್ಚುಗೀಸರ ಹಡಗು ಹತ್ತಿ ‘ಬ್ರಿಂಜಾಲ್’ ಎಂಬ ಹೆಸರಿನಿಂದ ಭಾರತಕ್ಕೇ ಮರಳಿತು. ಪರದೇಶದ ಉಡುಪು ತೊಟ್ಟು ತವರಿಗೆ ಬಂದ ಮಗಳಂತೆ ಅದನ್ನು ನಾವೇ ಗುರುತಿಸದೆ ಹೋದೆವು!

ಕಾಯಿ ಹೋದಲ್ಲೆಲ್ಲ ಅದರ ಮರ್ಯಾದೆಯೂ ಹೋಯಿತು. 10ನೆಯ ಶತಮಾನದಲ್ಲಿ ಬಾಗ್ದಾದಿನ ಇಬ್ನ್ ಸಯ್ಯಾರ್ ಅಲ್ ವರ್ರಾಕ್ ಬರೆದ ಅಡಿಗೆಯ ಗ್ರಂಥದಲ್ಲಿ ಬದನೆಯ ಪಾಕಗಳಿವೆ. ಸಿರಿಯ, ಲೆಬನಾನ್ ಕಡೆಗಳಲ್ಲಿ ಬದನೆಯನ್ನು ಸುಟ್ಟು, ಕಿವುಚಿ, ನಿಂಬೆರಸ, ಎಳ್ಳಿನ ಅರೆಪು, ಆಲಿವ್ ಎಣ್ಣೆ ಬೆರಸಿ ರೊಟ್ಟಿಗೆ ಹಚ್ಚಿ ತಿನ್ನುತ್ತಾರೆ. ‘ಬಾಬಾ ಗನೂಜ್’ ಎಂಬ ಹೆಸರಿನಿಂದ ಅದು ಜಗತ್ಪ್ರಸಿದ್ಧ. ನಮ್ಮ ಗೊಜ್ಜಿಗೆ ಅದು ದೂರದ ದಾಯಾದಿ.

ಕನ್ನಡದ ಸಾಕ್ಷ್ಯ ಬೇಕೆ? 16ನೆಯ ಶತಮಾನದ ಆದಿಭಾಗದಲ್ಲಿ ಕಲ್ಲಹಳ್ಳಿಯ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ಪದ್ಯರೂಪದಲ್ಲಿ ರಚಿಸಿದನು. ಅರಸು ಮನೆತನದ ಕವಿ. ಬದನೆಯನ್ನು ಬಗೆಬಗೆಯಾಗಿ ಪಾಕಮಾಡುವ ಕ್ರಮವನ್ನು ವಿಸ್ತಾರವಾಗಿ ಹೇಳಿದ್ದಾನೆ. ಕರಾವಳಿಯಲ್ಲಿ ಉಡುಪಿಯ ಬಳಿಯ ಮಟ್ಟು ಗ್ರಾಮದ ಗುಳ್ಳದ ಬೀಜವನ್ನು ವಾದಿರಾಜರೇ ಕೊಟ್ಟರೆಂದು ಐತಿಹ್ಯ. ಆ ಮಟ್ಟುಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ಅರಸನ ಕಾವ್ಯಕ್ಕೂ ಯತಿಯ ಐತಿಹ್ಯಕ್ಕೂ ಸಂದ ಕಾಯಿ ಬಡತನದ ಗುರುತಾಗುವುದೆಂತು?

ಗೊಜ್ಜಿನ ಖಾರಕ್ಕೂ ಒಂದು ಕಥೆಯಿದೆ. ಮಂಗರಸನ ಕಾಲದ ಖಾರವೆಂದರೆ ಮೆಣಸು, ಶುಂಠಿ. ಇಂದಿನ ಮೆಣಸಿನಕಾಯಿ ಅಮೆರಿಕಾ ಖಂಡದ್ದು. ಕೊಲಂಬಸ್ಸನ 1492ರ ಯಾನದ ತರುವಾಯ ಯೂರೋಪು ಸೇರಿ, 16ನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ನಮ್ಮ ಪಶ್ಚಿಮ ಕರಾವಳಿಗೆ ಇಳಿಯಿತು. ಹೆಸರಿಲ್ಲದೆ ಬಂದ ಈ ಅತಿಥಿಗೆ ನಮ್ಮವರು ಮೆಣಸಿನ ಹೆಸರನ್ನೇ ಕೊಟ್ಟು ‘ಮೆಣಸಿನ ಕಾಯಿ’ ಎಂದರು. ಅತಿಥಿ ಬಲಿತ ಮೇಲೆ ಮನೆಯ ಯಜಮಾನನೇ ತನ್ನ ಗುರುತಿಗಾಗಿ ‘ಕಾಳುಮೆಣಸು’, ‘ಒಳ್ಳೆಮೆಣಸು’ ಎಂದು ವಿಶೇಷಣ ಹಚ್ಚಿಕೊಳ್ಳಬೇಕಾಯಿತು.

ಇದು ಹಗುರವಾದದ್ದು ಹೇಗೆಂದು ಕೇಳುವಿರಿ. ಹಸಿ ತೆಂಗಿನಕಾಯಿಯ ತಿರುಳಿನಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಕೊಬ್ಬು. 100 ಗ್ರಾಮಿಗೆ ಸುಮಾರು 350 ಕಿಲೊಕ್ಯಾಲೊರಿ. ಬದನೆಯಲ್ಲಿ ನೂರಕ್ಕೆ 92 ಪಾಲು ನೀರು. 100 ಗ್ರಾಮಿಗೆ ಸುಮಾರು 25 ಕಿಲೊಕ್ಯಾಲೊರಿ. ಆದರೆ ಬದನೆಗೆ ಒಂದು ದುರ್ಗುಣವುಂಟು. ಬೆಂಡಿನಂಥ ಅದರ ತಿರುಳು ಬಾಣಲೆಯಲ್ಲಿಟ್ಟ ಎಣ್ಣೆಯನ್ನೆಲ್ಲ ಹೀರುತ್ತದೆ. ಆದ್ದರಿಂದ ಹುರಿಯಬಾರದು, ಸುಡಬೇಕು. ತೆಂಗಿನಕಾಯಿ ಕೊಡುತ್ತಿದ್ದ ನುಣುಪನ್ನು ಸುಟ್ಟ ತಿರುಳು ತಾನೇ ಕೊಡುತ್ತದೆ.

ಕ್ರಮ ಹೀಗೆ. ಸುಮಾರು ಕಾಲು ಕಿಲೋ ತೂಗುವ ಗುಂಡು ಬದನೆಯನ್ನು ತೊಳೆದು ಒರಸಿ, ತೊಟ್ಟು ಬಿಡದಂತೆ ಎರಡು ಕಡೆ ಸೀಳಿ ಹುಳು ಇದೆಯೇ ನೋಡಿ. ಸೀಳದೆ ಸುಟ್ಟರೆ ಆವಿ ತುಂಬಿ ಸಿಡಿಯುವ ಭಯವೂ ಉಂಟು. ಮೇಲೆ ಬೆರಳಿನಿಂದ ಎಣ್ಣೆ ಸವರಿ, ಕೆಂಡದ ಮೇಲೋ ಗ್ಯಾಸಿನ ಸಣ್ಣ ಉರಿಯ ಮೇಲೋ ತಿರುಗಿಸುತ್ತ ಕಾಲು ಗಂಟೆ ಸುಡಿ. ಸಿಪ್ಪೆ ಕರಿಯಾಗಿ ಕಾಯಿ ಮೆತ್ತಗಾದಾಗ ಇಳಿಸಿ, ಪಾತ್ರೆ ಮುಚ್ಚಿ ಆರಲು ಬಿಡಿ. ಸಿಪ್ಪೆ ಸುಲಿಯಿರಿ; ಒಸರಿದ ರಸವನ್ನು ಚೆಲ್ಲಬೇಡಿ. ಅದೇ ಉರಿಯಲ್ಲಿ ಮೂರು ಹಸಿಮೆಣಸಿನಕಾಯಿಗಳನ್ನು ಸುಟ್ಟು, ಉಪ್ಪಿನೊಡನೆ ಜಜ್ಜಿ, ತಿರುಳಿಗೆ ಸೇರಿಸಿ ಕಿವುಚಿ. ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣಿನ ರಸ, ಚಿಟಿಕೆ ಬೆಲ್ಲ, ಸಣ್ಣಗೆ ಹೆಚ್ಚಿದ ಈರುಳ್ಳಿ, ಕೊತ್ತಂಬರಿ ಸೊಪ್ಪು ಬೆರಸಿ. ಒಂದು ಚಮಚ ಎಣ್ಣೆಯಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಸಾಕು. ಹುಣಸೆಯ ಬದಲು ಮೊಸರು ಹಾಕಿದರೆ ಅದೇ ಮೊಸರುಬಜ್ಜಿ. ಅಕ್ಕಿರೊಟ್ಟಿ, ಜೋಳದ ರೊಟ್ಟಿ, ದೋಸೆ, ಅನ್ನ ಎಲ್ಲಕ್ಕೂ ಹೊಂದುತ್ತದೆ.

ಇಷ್ಟನ್ನೂ ಒಂದು ಸಂಜೆ ತಾಯಿಯವರಿಗೆ ಪಾಠದಂತೆ ಒಪ್ಪಿಸಿದೆ. ಮಂಗರಸನ ಹೆಸರಿಗೆ ಅವರು ತಲೆದೂಗಿದರು; ಬಾಗ್ದಾದಿಗೆ ನಕ್ಕರು. ಮರುದಿನ ಬೆಳಗ್ಗೆ ನಾನೇ ಬದನೆ ಸುಟ್ಟು ಗೊಜ್ಜು ಕಲಸಿ ಅವರ ತಟ್ಟೆಗೆ ಬಡಿಸಿದೆ. ಅವರು ಬಾಯಿಗಿಟ್ಟು, ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಹುಳಿ ಸಾಲದು ಕಣೋ. ನಾಳೆ ನಾನೇ ಮಾಡ್ತೀನಿ. ಸಂಜೆಗೆ ನಿನ್ನ ಸ್ನೇಹಿತರು ಬಂದರೂ ಇದನ್ನೇ ಬಡಿಸಬಹುದು” ಎಂದರು.

ವೈದ್ಯರು ಹೇಳಿದ ಪಥ್ಯ ನಮ್ಮ ಮನೆಯಲ್ಲಿ ಅಂದಿನಿಂದ ಪಥ್ಯವಾಗಿ ಉಳಿದಿಲ್ಲ. ನಿಮ್ಮ ಮನೆಯ ಹಿರಿಯರಲ್ಲೂ ಇಂಥ ಒಂದು ಮರೆತ ಗೊಜ್ಜು ಇದ್ದೀತು. ಸಂಕೋಚದಿಂದ ಅವರು ತಾವಾಗಿ ಹೇಳಲಾರರು. ನೀವೇ ಕೇಳಿ, ಕಲಿತುಕೊಳ್ಳಿ.